ಡಿ5 ಪಂಪಿಗೆ ಕೊಳವೆ ಜೋಡಣೆ: ಹೊರದ್ವಾರದ ಬಳಿ ಹನಿ ಒಸರುತ್ತಿದೆ, ಟೆಫ್ಲಾನ್ ಟೇಪ್ ಸುತ್ತಬಹುದೇ?

ಮಾಗಡಿರಸ್ತೆ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ನೀರಿನಿಂದ ತಂಪಾಗಿಡುವ ವ್ಯವಸ್ಥೆಯನ್ನು ಜೋಡಿಸುತ್ತಿದ್ದೇನೆ. ಪಂಪು ಡಿ5 ಮಾದರಿಯದು. ಅದರ ಮೇಲೆ ಅಕ್ರಿಲಿಕ್ ಟಾಪ್ (ನೀರಿನ ದ್ವಾರಗಳಿರುವ ಮೇಲ್ಭಾಗ) ಮತ್ತು ರಿಸರ್ವಾಯರ್ (ನೀರಿನ ತೊಟ್ಟಿ) ಒಂದೇ ಘಟಕವಾಗಿ ಕೂತಿವೆ. ನೀರು ಒಳಬರುವ ಮತ್ತು ಹೊರಹೋಗುವ ದ್ವಾರಗಳೆರಡರಲ್ಲೂ ಜಿ1/4 ಥ್ರೆಡ್ ಇದೆ. ಕೊಳವೆ ಒಳಗೆ 10, ಹೊರಗೆ 16 ಮಿಲಿಮೀಟರ್ ಅಳತೆಯ ಮೆತ್ತನೆಯ ಪಿವಿಸಿ. ಅದೇ ಅಳತೆಯ ಕಂಪ್ರೆಶನ್ ಫಿಟ್ಟಿಂಗ್‌ಗಳನ್ನು (ದ್ವಾರಕ್ಕೆ ತಿರುಗಿಸುವ ಬುಡ, ಅದರ ಮೇಲೆ ಕೊಳವೆಯನ್ನು ಅಮುಕಿ ಹಿಡಿಯುವ ಕಾಲರ್ ಇರುವವು) ಬಳಸಿದ್ದೇನೆ.

ಮೊದಲ ಸಲ ನೀರು ತುಂಬಿಸಿ ಪಂಪು ಓಡಿಸಿದಾಗ ಎಲ್ಲಿಯೂ ಸೋರಲಿಲ್ಲ. ಆದರೆ ಪಂಪಿನಿಂದ ರೇಡಿಯೇಟರಿಗೆ ಹೋಗುವ ಕೊಳವೆ ಅಗತ್ಯಕ್ಕಿಂತ ಉದ್ದವಾಗಿ ಬಾಗಿಕೊಂಡಿದ್ದರಿಂದ, ಪಂಪಿನ ಕಡೆಯ ತುದಿಯನ್ನು ಬಿಚ್ಚಿ, ಎರಡು ಬೆರಳಿನಷ್ಟು ಕತ್ತರಿಸಿ ಮತ್ತೆ ಕೂರಿಸಿದೆ. ಅಲ್ಲಿಂದೀಚೆಗೆ ಹೊರದ್ವಾರದ ಕೆಳಗೆ ನಿಧಾನವಾಗಿ ನೀರು ಒಸರಿ, ಪಂಪಿನ ಮೈಮೇಲೆ ಇಳಿದು ತಳದಲ್ಲಿ ತೊಟ್ಟಿಕ್ಕುತ್ತಿದೆ. ಕಾಲರ್ ಕೈಗೆ ಪೂರ್ತಿ ಬಿಗಿಯಾಗಿಯೇ ಇದೆ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕೇಳಿದಾಗ, ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿ ಇಕ್ಕಳದಿಂದ ಬಿಗಿ ಮಾಡಿ ಎಂದರು. ಟಾಪ್ ಅಕ್ರಿಲಿಕ್ ಆದ್ದರಿಂದ ಇಕ್ಕಳ ಹಾಕಲು ಮನಸ್ಸಾಗುತ್ತಿಲ್ಲ. ಸದ್ಯ ಪಂಪಿಗೆ ಮಾತ್ರ ವಿದ್ಯುತ್ ಕೊಟ್ಟಿದ್ದೇನೆ. ಮದರ್‌ಬೋರ್ಡಿನ ಎಲ್ಲ ತಂತಿಗಳೂ ಬಿಚ್ಚಿವೆ. ಮುಂದೇನು ಮಾಡಬೇಕು ಎಂದು ತಿಳಿದವರು ದಯವಿಟ್ಟು ಹೇಳಿ.

ನೀರುಗಂಟಿ

ಇಕ್ಕಳ ಹಾಕದೆ ಕೇಳಿದ್ದು ಒಳ್ಳೆಯದಾಯಿತು. ಟೇಪನ್ನೂ ಸುತ್ತಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳೋಣ, ಏಕೆಂದರೆ ಹನಿ ಬೀಳುವ ಜಾಗವೇ ಸೋರುವ ಜಾಗವಾಗಿರುವುದು ಅಪರೂಪ. ನೀರು ನುಣುಪಾದ ಮೈಗೆ ಅಂಟಿಕೊಂಡು ಹರಿದು, ಎಲ್ಲಕ್ಕಿಂತ ತಗ್ಗಿನ ಬಿಂದುವಿನಲ್ಲಿ ಹನಿಯಾಗುತ್ತದೆ.

ನಿಮ್ಮ ಜೋಡಣೆಯಲ್ಲಿ ಸಂದೇಹಪಡಬೇಕಾದ ಜಾಗಗಳು ಮೂರು. ಫಿಟ್ಟಿಂಗಿನ ಬುಡದ ಓ-ರಿಂಗ್ (ರಬ್ಬರ್ ಬಳೆ) ಅಕ್ರಿಲಿಕ್ಕಿನ ಮುಖಕ್ಕೆ ಒತ್ತಿಕೊಳ್ಳುವ ಜಾಗ ಒಂದು. ಕೊಳವೆ ಕಾಲರಿನೊಳಗೆ ಹೋಗುವ ಜಾಗ ಇನ್ನೊಂದು. ಪಂಪಿನ ಮೋಟಾರು ಭಾಗ ಮತ್ತು ಅಕ್ರಿಲಿಕ್ ಟಾಪ್ ನಡುವೆ ಕೂತಿರುವ ದೊಡ್ಡ ಓ-ರಿಂಗ್ ಮತ್ತೊಂದು. ಈ ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿ ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಸರಿ, ನೋಡುವವರಿಗೆ ಹೊರದ್ವಾರವೇ ಸೋರುತ್ತಿದೆ ಎಂಬಂತೆ ಕಾಣುತ್ತದೆ.

ಪಂಪು ನಿಲ್ಲಿಸಿ, ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ಫ್ಯಾನಿನ ಗಾಳಿಗೆ ಬಿಡಿ. ಬಳಿಕ ಟಿಶ್ಯೂ ಕಾಗದವನ್ನು ಕಿರಿದಾದ ಪಟ್ಟಿಗಳಾಗಿ ಹರಿದು, ಮೇಲೆ ಹೇಳಿದ ಮೂರೂ ಜಾಗಗಳಿಗೆ ಒಂದಕ್ಕೊಂದು ತಾಗದಂತೆ ಬೇರೆಬೇರೆಯಾಗಿ ಸುತ್ತಿ ಪಂಪು ಓಡಿಸಿ. ಯಾವ ಪಟ್ಟಿ ಮೊದಲು ನೆನೆಯಿತು, ಅದರ ಯಾವ ಅಂಚು ಮೊದಲು ನೆನೆಯಿತು ಎಂಬುದನ್ನು ಕಣ್ಣಿಟ್ಟು ನೋಡಿ.

ಕೇಳಬೇಕಾದದ್ದು ಇನ್ನೊಂದಿದೆ. ಕೊಳವೆ ಕತ್ತರಿಸಲು ಕಾಲರ್ ಬಿಚ್ಚಿದಾಗ, ಫಿಟ್ಟಿಂಗಿನ ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಿರಾ?

ಪೀಣ್ಯಲೇತ್

ಟೇಪ್ ಏಕೆ ಬೇಡ ಎಂಬುದಕ್ಕೆ ಕಾರಣವನ್ನು ನಾನು ಹೇಳುತ್ತೇನೆ. ಥ್ರೆಡ್ ಕೊರೆಯುವುದೇ ನನ್ನ ದಿನದ ಕೆಲಸ.

ಜಿ1/4 ಎಂಬುದು ಬ್ರಿಟಿಷ್ ಪೈಪ್ ಥ್ರೆಡ್ಡಿನ ಸಮಾಂತರ ರೂಪ. ಹೊರವ್ಯಾಸ 13.157 ಮಿಲಿಮೀಟರ್, ಇಂಚಿಗೆ 19 ಎಳೆ, ಎಳೆಯಿಂದ ಎಳೆಗೆ 1.337 ಮಿಲಿಮೀಟರ್. ಬುಡದಿಂದ ತುದಿಯವರೆಗೆ ವ್ಯಾಸ ಒಂದೇ ಆಗಿರುವುದರಿಂದ ಗಂಡು ಥ್ರೆಡ್ಡಿಗೂ ಹೆಣ್ಣು ಥ್ರೆಡ್ಡಿಗೂ ನಡುವೆ ಸಣ್ಣ ಸಂದು ಉಳಿದೇ ಉಳಿಯುತ್ತದೆ. ನೀರನ್ನು ತಡೆಯುವುದು ಈ ಥ್ರೆಡ್ಡಿನ ಕೆಲಸವಲ್ಲ. ಫಿಟ್ಟಿಂಗನ್ನು ಹಿಡಿದು ಎಳೆದು ಓ-ರಿಂಗನ್ನು ದ್ವಾರದ ಸಮತಟ್ಟಾದ ಮುಖಕ್ಕೆ ಒತ್ತುವುದಷ್ಟೇ ಅದರ ಕೆಲಸ. ನೀರನ್ನು ತಡೆಯುವುದು ಆ ರಬ್ಬರ್ ಬಳೆ. ಕುಕ್ಕರ್ ಮುಚ್ಚಳದಲ್ಲಿ ಹಬೆಯನ್ನು ಹಿಡಿದಿಡುವುದು ಗ್ಯಾಸ್ಕೆಟ್ಟೇ ಹೊರತು ಹಿಡಿಯಲ್ಲ, ಇದೂ ಹಾಗೆಯೇ.

ಮನೆಯ ನಲ್ಲಿ ಕೆಲಸದಲ್ಲಿ ನಾವು ನೋಡುವ ಜಿಐ ಪೈಪಿನ ಗಂಡು ಥ್ರೆಡ್ 16ಕ್ಕೆ 1ರಂತೆ ಓರೆಯಾಗಿರುತ್ತದೆ. ಅದು ಒಳಹೋದಂತೆಲ್ಲ ಗೂಟದ ಹಾಗೆ ಬಿಗಿಯುತ್ತದೆ, ಉಳಿದ ಸಂದನ್ನು ಟೇಪು ಅಥವಾ ಸೆಣಬು ತುಂಬುತ್ತದೆ. ಅಲ್ಲಿ ಟೇಪು ಬೇಕೇ ಬೇಕು. ಇಲ್ಲಿ ಟೇಪು ಸುತ್ತಿದರೆ ಆಗುವುದು ಎರಡು ಕೆಡುಕು. ಥ್ರೆಡ್ ದಪ್ಪವಾಗಿ ಅಕ್ರಿಲಿಕ್ಕಿನ ತೂತನ್ನು ಒಳಗಿನಿಂದ ಹಿಗ್ಗಿಸುತ್ತದೆ, ಅದರಿಂದ ಕೂದಲೆಳೆಯ ಬಿರುಕು ಬರುತ್ತದೆ. ಜೊತೆಗೆ ಟೇಪಿನ ಚೂರು ಹರಿದು ನೀರಿನೊಂದಿಗೆ ಹೋಗಿ, ಪ್ರೊಸೆಸರಿನ ಮೇಲೆ ಕೂರುವ ಲೋಹದ ಬ್ಲಾಕಿನೊಳಗಿನ ಸಣ್ಣ ಕಾಲುವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಇದೇ ಕಾರಣಕ್ಕೆ ಗಾಳಿಕೊಳವೆಯ ಅಂಗಡಿಗಳಲ್ಲಿ ಸಿಗುವ ನ್ಯುಮ್ಯಾಟಿಕ್ ಫಿಟ್ಟಿಂಗ್‌ಗಳ ಬಗ್ಗೆ ಎಚ್ಚರವಿರಲಿ. ನೋಡಲು ಒಂದೇ ರೀತಿ, ಬೆಲೆಯೂ ಕಡಿಮೆ. ಆದರೆ ಅವುಗಳಲ್ಲಿ ಹಲವಕ್ಕೆ ಓರೆ ಥ್ರೆಡ್ ಇರುತ್ತದೆ, ಕೆಲವು ಅಲ್ಯೂಮಿನಿಯಮ್ಮಿನವು. ತಾಮ್ರದ ಬ್ಲಾಕ್ ಇರುವ ನೀರಿನ ದಾರಿಯಲ್ಲಿ ಅಲ್ಯೂಮಿನಿಯಮ್ ಸೇರಿದರೆ ಅದು ಕೊರೆದುಹೋಗುತ್ತದೆ. ಅಮೆರಿಕದ ಎನ್‌ಪಿಟಿ 1/4 ಥ್ರೆಡ್ಡೂ ಬೇರೆಯೇ: ಅದಕ್ಕೆ ಇಂಚಿಗೆ 18 ಎಳೆ, ಎಳೆಯ ಕೋನ 55ರ ಬದಲು 60 ಡಿಗ್ರಿ. ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಹಿಡಿದುಕೊಂಡರೆ ಅಲ್ಲಿಗೇ ನಿಲ್ಲಿಸಬೇಕು.

ಮಾಗಡಿರಸ್ತೆ

ಇಬ್ಬರಿಗೂ ಧನ್ಯವಾದಗಳು. ಟಿಶ್ಯೂ ಪಟ್ಟಿಗಳನ್ನು ಸುತ್ತಿ ನೋಡಿದೆ. ಕೊಳವೆಯ ಕಡೆಯದು ಒಣಗಿಯೇ ಇದೆ, ಟಾಪಿನ ಸುತ್ತ ಹಾಕಿದ್ದೂ ಒಣಗಿದೆ. ಫಿಟ್ಟಿಂಗಿನ ಬುಡಕ್ಕೆ ಸುತ್ತಿದ ಪಟ್ಟಿ ಅಕ್ರಿಲಿಕ್ಕಿಗೆ ತಾಗಿದ ಅಂಚಿನಿಂದ ನೆನೆಯುತ್ತಾ ಬಂತು. ಕಾಲರ್ ಬಿಚ್ಚುವಾಗ ಬುಡವನ್ನು ಹಿಡಿದಿರಲಿಲ್ಲ. ಈಗ ಬುಡವನ್ನೇ ಹಿಡಿದು ತಿರುಗಿಸಿ ನೋಡಿದರೆ ಸುಮಾರು ಅರ್ಧ ಸುತ್ತು ಸಲೀಸಾಗಿ ಒಳಗೆ ಹೋಯಿತು. ಇಷ್ಟಕ್ಕೇ ಬಿಡಬಹುದೇ, ಪೂರ್ತಿ ಬಿಚ್ಚಿ ನೋಡಬೇಕೇ?

ನೀರುಗಂಟಿ

ಪೂರ್ತಿ ಬಿಚ್ಚಿ ನೋಡಿ. ನೀರನ್ನು ಹೊರದ್ವಾರದ ಮಟ್ಟಕ್ಕಿಂತ ಕೆಳಗೆ ಇಳಿಸಿಕೊಂಡ ಮೇಲೆ ಬಿಚ್ಚಿ.

ಆದದ್ದು ಇಷ್ಟು. ಬುಡ ಪಂಪಿನೊಳಗೆ ಬಲಕ್ಕೆ ತಿರುಗಿ ಕೂರುತ್ತದೆ, ಕಾಲರೂ ಬುಡದ ಮೇಲೆ ಬಲಕ್ಕೇ ತಿರುಗಿ ಕೂರುತ್ತದೆ. ಹಾಗಾಗಿ ಕಾಲರನ್ನು ಎಡಕ್ಕೆ ಬಿಚ್ಚುವಾಗ, ಅದು ಕೊಳವೆಯ ಒತ್ತಡದಿಂದ ಬಿಗಿಯಾಗಿ ಕಚ್ಚಿಕೊಂಡಿದ್ದರೆ, ಬುಡವನ್ನೂ ತನ್ನ ಜೊತೆಗೆ ಎಡಕ್ಕೆ ತಿರುಗಿಸಿಕೊಂಡು ಬರುತ್ತದೆ. ಮತ್ತೆ ಕಾಲರ್ ಹಾಕುವಾಗ ಬುಡ ಹಿಂದಿನ ಜಾಗಕ್ಕೆ ಹೋಗುವ ಮೊದಲೇ ಕಾಲರ್ ತನ್ನ ಬಿಗಿತ ಮುಟ್ಟಿಬಿಡುತ್ತದೆ. ಕೈಗೆ ಎಲ್ಲವೂ ಬಿಗಿಯಾಗಿದೆ ಎಂದು ತೋರುತ್ತದೆ, ಆದರೆ ಓ-ರಿಂಗಿನ ಮೇಲೆ ಒತ್ತಡವೇ ಉಳಿದಿರುವುದಿಲ್ಲ. ಕೊಳವೆಯನ್ನು ಮರುಜೋಡಿಸಿದ ಬಳಿಕ ಶುರುವಾಗುವ ಸೋರಿಕೆಗಳಲ್ಲಿ ನಾನು ಅತಿ ಹೆಚ್ಚು ನೋಡಿರುವುದು ಇದನ್ನೇ. ಇನ್ನು ಮುಂದೆ ಕಾಲರ್ ಮುಟ್ಟುವಾಗಲೆಲ್ಲ ಬುಡವನ್ನು ಇನ್ನೊಂದು ಕೈಯ ಬೆರಳುಗಳಿಂದ ಹಿಡಿದುಕೊಳ್ಳಿ.

ಅರ್ಧ ಸುತ್ತು ಸಡಿಲವಾಗಿದ್ದಾಗ ಓ-ರಿಂಗ್ ತನ್ನ ತೋಡಿನಿಂದ ಹೊರಜಾರಿ, ಮರಳಿ ಬಿಗಿ ಮಾಡುವಾಗ ಅಂಚಿಗೆ ಸಿಕ್ಕಿ ಜಜ್ಜಿಹೋಗಿರುವ ಸಾಧ್ಯತೆ ಇದೆ. ಆದ್ದರಿಂದಲೇ ಬಿಚ್ಚಿ ನೋಡಬೇಕು ಎಂದದ್ದು. ರಿಂಗನ್ನು ಉಗುರಿನಿಂದಲೇ ಎಬ್ಬಿಸಿ ತೆಗೆಯಿರಿ. ಸೂಜಿ ಅಥವಾ ಸ್ಕ್ರೂಡ್ರೈವರ್ ತುದಿ ತಾಗಿಸಬೇಡಿ. ಬೆರಳುಗಳ ನಡುವೆ ನಿಧಾನವಾಗಿ ಹೊರಳಿಸುತ್ತಾ ಬೆಳಕಿಗೆ ಹಿಡಿದರೆ ಸೀಳು, ಚಪ್ಪಟೆಯಾದ ಜಾಗ, ಅಂಟಿದ ಧೂಳು ಎಲ್ಲವೂ ಕಾಣುತ್ತವೆ. ಒಂದು ಸಣ್ಣ ಸೀಳು ಇದ್ದರೂ ರಿಂಗ್ ಬದಲಿಸಿ. ಅಕ್ರಿಲಿಕ್ ದ್ವಾರದ ಮುಖವನ್ನೂ ಬೆರಳಿನಿಂದ ಸವರಿ ನೋಡಿ; ಒಳಗಿನ ಅಂಚಿನಿಂದ ಹೊರಗಿನವರೆಗೆ ಹಾದುಹೋಗುವ ಗೀರು ಇದ್ದರೆ ಎಷ್ಟೇ ಒಳ್ಳೆಯ ರಿಂಗ್ ಹಾಕಿದರೂ ನೀರು ಅದರುದ್ದಕ್ಕೂ ದಾರಿ ಮಾಡಿಕೊಳ್ಳುತ್ತದೆ.

ಎಷ್ಟು ಬಿಗಿ ಮಾಡಬೇಕು ಎಂಬುದಕ್ಕೆ ಪೀಣ್ಯಲೇತ್ ಅವರು ಕೊಟ್ಟ ಅಳತೆಯೇ ಉತ್ತರ ಕೊಡುತ್ತದೆ. ಇಂತಹ ರಿಂಗಿನ ದಪ್ಪ ಸುಮಾರು 2 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅದು ಚೆನ್ನಾಗಿ ಮುಚ್ಚಿಕೊಳ್ಳಲು ಐದನೇ ಒಂದು ಭಾಗದಷ್ಟು, ಅಂದರೆ ಸುಮಾರು 0.4 ಮಿಲಿಮೀಟರ್ ಅಮುಕಿದರೆ ಸಾಕು. ಒಂದು ಪೂರ್ತಿ ಸುತ್ತಿಗೆ ಫಿಟ್ಟಿಂಗ್ 1.337 ಮಿಲಿಮೀಟರ್ ಒಳಸರಿಯುವುದರಿಂದ, ರಿಂಗ್ ಅಕ್ರಿಲಿಕ್ಕಿಗೆ ತಾಗಿದ ಮೇಲೆ ಬೇಕಾಗುವುದು ಸುಮಾರು ಮೂರನೇ ಒಂದು ಸುತ್ತು ಮಾತ್ರ. ಬರಿಗೈಯಿಂದಲೇ ಅಷ್ಟು ತಿರುಗಿಸಬಹುದು. ಫಿಟ್ಟಿಂಗಿನ ಲೋಹದ ಭುಜ ಅಕ್ರಿಲಿಕ್ಕಿಗೆ ತಾಗಿದ ನಂತರ ಎಷ್ಟು ತಿರುಗಿಸಿದರೂ ರಿಂಗಿಗೆ ಒಂದಿಷ್ಟೂ ಹೆಚ್ಚಿನ ಒತ್ತಡ ಸಿಗುವುದಿಲ್ಲ. ಆ ಬಲವೆಲ್ಲ ಅಕ್ರಿಲಿಕ್ಕಿನ ಥ್ರೆಡ್ಡಿನ ಮೇಲೆ ಬೀಳುತ್ತದೆ.

ರಿಂಗಿಗೆ ಒಂದು ಹನಿ ಡಿಸ್ಟಿಲ್ಡ್ ವಾಟರ್ ಸವರಿ ಕೂರಿಸಿದರೆ ಅದು ತಿರುಚಿಕೊಳ್ಳದೆ ಜಾರಿಕೊಂಡು ಕೂರುತ್ತದೆ. ಎಣ್ಣೆ, ವ್ಯಾಸ್‌ಲಿನ್ ಬೇಡ. ರಿಂಗ್ ಇಪಿಡಿಎಂ ಎಂಬ ಬಗೆಯ ರಬ್ಬರಿನದಾದರೆ ಪೆಟ್ರೋಲಿಯಮ್ ಜಿಡ್ಡಿಗೆ ಉಬ್ಬಿಕೊಳ್ಳುತ್ತದೆ.

ಪೀಣ್ಯಲೇತ್

ಮೇಲಿನ ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ. ಥ್ರೆಡ್ ಹಿಡಿಸುವಾಗ ಫಿಟ್ಟಿಂಗನ್ನು ದ್ವಾರಕ್ಕೆ ನೇರವಾಗಿ ಹಿಡಿದು, ಮೊದಲು ಎಡಕ್ಕೆ ಮೆಲ್ಲಗೆ ತಿರುಗಿಸಿ. ಎಳೆಯ ತುದಿ ಎಳೆಯ ತುದಿಯನ್ನು ದಾಟಿ ಕೆಳಗೆ ಬೀಳುವಾಗ ಬೆರಳಿಗೆ ಸಣ್ಣ ‘ಟಕ್’ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಲು ಆರಂಭಿಸಿದರೆ ಥ್ರೆಡ್ ಓರೆಯಾಗಿ ಹತ್ತುವುದಿಲ್ಲ. ಹಿತ್ತಾಳೆಯ ಫಿಟ್ಟಿಂಗ್ ಅಕ್ರಿಲಿಕ್ಕಿನಲ್ಲಿ ಓರೆಯಾಗಿ ಹತ್ತಿದರೆ ಕೆಡುವುದು ಅಕ್ರಿಲಿಕ್ಕೇ, ಮತ್ತು ಅದನ್ನು ಸರಿಪಡಿಸುವುದು ಬಹಳ ಕಷ್ಟ.

ಕರಾವಳಿ

ಇದೇ ವಿಷಯಕ್ಕೆ ಸಂಬಂಧಿಸಿದ ನನ್ನದೂ ಒಂದು ಪ್ರಶ್ನೆ. ನನ್ನ ಬಳಿ ಇರುವುದು ಹಳೆಯ ಡಿ5. ಅದಕ್ಕೆ ಬೇರೆ ಟಾಪ್ ಇಲ್ಲ. ಪಂಪಿನ ಪ್ಲಾಸ್ಟಿಕ್ ಮೈಯಲ್ಲೇ ಅರ್ಧ ಇಂಚಿನ ಬಾರ್ಬ್‌ಗಳು (ಕೊಳವೆ ತೊಡಿಸುವ ಏಣುಳ್ಳ ಮೂತಿಗಳು) ಎರಕವಾಗಿವೆ. ಉಳಿದ ಎಲ್ಲ ಕಡೆ 10/16 ಕೊಳವೆಯೇ ಇದೆ. ಅದನ್ನು ಬಿಸಿನೀರಿನಲ್ಲಿ ಅದ್ದಿ ಅರ್ಧ ಇಂಚಿನ ಬಾರ್ಬಿನ ಮೇಲೆ ಹಿಗ್ಗಿಸಿ ಹಾಕಬಹುದೇ? ಕ್ಲಿಪ್ ಯಾವುದು ಒಳ್ಳೆಯದು?

ಹೊರನಾಡು

ಕರಾವಳಿಯವರೇ, 10 ಮಿಲಿಮೀಟರ್ ಕೊಳವೆಯನ್ನು 12.7 ಮಿಲಿಮೀಟರಿನ ಬಾರ್ಬಿಗೆ ಹಿಗ್ಗಿಸಬೇಡಿ. ಅಷ್ಟು ಹಿಗ್ಗಿದ ಗೋಡೆ ತೆಳುವಾಗಿ, ಬೆಚ್ಚಗಿನ ನೀರು ಹರಿದಂತೆ ಬಾರ್ಬಿನ ಅಂಚಿನಲ್ಲಿ ಸೀಳಬಹುದು. ಅದಕ್ಕಿಂತ ಮೊದಲೇ, ಕೊಳವೆಯನ್ನು ನೂಕುವ ಬಲಕ್ಕೆ ಪ್ಲಾಸ್ಟಿಕ್ ಬಾರ್ಬೇ ಬುಡದಲ್ಲಿ ಮುರಿಯುವ ಭಯವಿದೆ. ಅರ್ಧ ಇಂಚಿನ ಬಾರ್ಬಿಗೆ ಹಿಂದಿನಿಂದಲೂ ಬಳಸುತ್ತಿದ್ದದ್ದು ಒಳವ್ಯಾಸ 7/16 ಇಂಚಿನ, ಅಂದರೆ 11.1 ಮಿಲಿಮೀಟರಿನ ಕೊಳವೆ. ತುದಿಯನ್ನು ಒಂದು ನಿಮಿಷ ಬಿಸಿನೀರಿನಲ್ಲಿಟ್ಟು ನೂಕಿದರೆ ಅದು ಬಿಗಿಯಾಗಿ ಕೂರುತ್ತದೆ. ಅರ್ಧ ಇಂಚಿನದೇ ಕೊಳವೆಯನ್ನೂ ಹಾಕಬಹುದು, ಆಗ ಕ್ಲಿಪ್ ಕಡ್ಡಾಯ.

ಸ್ಕ್ರೂ ಇರುವ ಹೋಸ್ ಕ್ಲಿಪ್ಪಿಗಿಂತ ತಂತಿಯ ಸ್ಪ್ರಿಂಗ್ ಕ್ಲಿಪ್ಪನ್ನು ನಾನು ಮೆಚ್ಚುತ್ತೇನೆ. ಪಿವಿಸಿ ಬೆಚ್ಚಗಾದಂತೆ ಮೆತ್ತಗಾಗಿ ಕ್ಲಿಪ್ಪಿನ ಒತ್ತಡಕ್ಕೆ ಸ್ವಲ್ಪ ತಗ್ಗುತ್ತದೆ. ಸ್ಪ್ರಿಂಗ್ ಅದನ್ನು ಹಿಂಬಾಲಿಸಿ ಹಿಡಿದುಕೊಳ್ಳುತ್ತದೆ, ಸ್ಕ್ರೂ ಇದ್ದಲ್ಲೇ ಇರುತ್ತದೆ.

ಆದರೆ ನನ್ನ ನಿಜವಾದ ಸಲಹೆ ಬೇರೆ. ಡಿ5ರ ಬಾರ್ಬ್ ಇರುವ ಮೈ ಮೋಟಾರಿನ ಭಾಗಕ್ಕೆ ಥ್ರೆಡ್ ಇರುವ ದೊಡ್ಡ ಬಳೆಯಿಂದ ಜೋಡಿಕೊಂಡಿದೆ. ಆ ಬಳೆಯನ್ನು ಬಿಚ್ಚಿದರೆ ಹಳೆಯ ಮೈ ಹೊರಬರುತ್ತದೆ, ಅದರ ಜಾಗಕ್ಕೆ ಜಿ1/4 ದ್ವಾರಗಳಿರುವ ಟಾಪನ್ನು ಕೂರಿಸಬಹುದು. ಡಿಡಿಸಿ ಎಂಬ ಇನ್ನೊಂದು ಮಾದರಿಯ ಪಂಪುಗಳಲ್ಲೂ ಇದೇ ಕ್ರಮ. ಅಲ್ಲಿ ಮೂಲ ಬಾರ್ಬ್ 3/8 ಇಂಚಿನದು, ಟಾಪ್ ಹಿಡಿಯುವುದು ನಾಲ್ಕು ಸ್ಕ್ರೂ. ಟಾಪ್ ಅಸಿಟಾಲ್ ಪ್ಲಾಸ್ಟಿಕ್ಕಿನದಾದರೆ ಇನ್ನೂ ಉತ್ತಮ, ಏಕೆಂದರೆ ಅದು ಅಕ್ರಿಲಿಕ್ಕಿನಂತೆ ಬಿರಿಯುವುದಿಲ್ಲ. ಹಳೆಯ ಕೊಳವೆಯನ್ನು ಬಾರ್ಬಿನಿಂದ ತೆಗೆಯುವಾಗ ಜಗ್ಗಬೇಡಿ. ಉದ್ದಕ್ಕೆ ಸೀಳಿ ಬಿಡಿಸಿ. ಬ್ಲೇಡು ಬಾರ್ಬಿನ ಮೈಗೆ ತಾಗದಿರಲಿ.

ಕರಾವಳಿ

ಬಹಳ ಉಪಯೋಗವಾಯಿತು. ಆದರೂ ಒಂದು ಸಂದೇಹ ಉಳಿದಿದೆ. ಅರ್ಧ ಇಂಚಿನಿಂದ 10 ಮಿಲಿಮೀಟರಿಗೆ ಇಳಿದರೆ ಹರಿವು ಕಡಿಮೆಯಾಗಿ ಬಿಸಿ ಹೆಚ್ಚುವುದಿಲ್ಲವೇ? ದಪ್ಪ ಕೊಳವೆ ಇದ್ದಷ್ಟೂ ಒಳ್ಳೆಯದು ಎಂದೇ ಎಲ್ಲರೂ ಹೇಳುತ್ತಿದ್ದರು.

ನೀರುಗಂಟಿ

ಹರಿವು ಸ್ವಲ್ಪ ಕಡಿಮೆಯಾಗುತ್ತದೆ, ಬಿಸಿ ಬಹುತೇಕ ಹೆಚ್ಚುವುದಿಲ್ಲ. ನಿಮಿಷಕ್ಕೆ 1 ಲೀಟರ್ ನೀರು ಹರಿದರೆ, ಪ್ರತಿ 70 ವ್ಯಾಟ್ ಶಾಖಕ್ಕೆ ಅದರ ಉಷ್ಣತೆ ಸುಮಾರು 1 ಡಿಗ್ರಿ ಏರುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಸೇರಿ 450 ವ್ಯಾಟ್ ಶಾಖ ಕೊಡುತ್ತವೆ ಎಂದುಕೊಳ್ಳಿ. ನಿಮಿಷಕ್ಕೆ 4 ಲೀಟರ್ ಹರಿದರೆ, ಒಂದು ಸುತ್ತು ಬರುವಷ್ಟರಲ್ಲಿ ನೀರಿನ ಬಿಸಿ ಸುಮಾರು 1.6 ಡಿಗ್ರಿ ಏರಿ ಇಳಿಯುತ್ತದೆ. ಹರಿವನ್ನು ಅರ್ಧಕ್ಕೆ ಇಳಿಸಿದರೂ ಅದು 3.2 ಡಿಗ್ರಿ. ಕೊಳವೆಯ ಅಳತೆ ಬದಲಾದರೆ ಹರಿವು ಅರ್ಧಕ್ಕೆ ಇಳಿಯುವ ಪ್ರಶ್ನೆಯೇ ಇಲ್ಲ, ಏಕೆಂದರೆ ನೀರಿಗೆ ನಿಜವಾದ ಅಡ್ಡಿ ಇರುವುದು ಬ್ಲಾಕುಗಳ ಕಿರಿದಾದ ಕಾಲುವೆಗಳಲ್ಲಿ. ನೀರು ಎಷ್ಟು ಬೆಚ್ಚಗಿರುತ್ತದೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ರೇಡಿಯೇಟರಿನ ವಿಸ್ತಾರ ಮತ್ತು ಫ್ಯಾನುಗಳು.

ಇದಲ್ಲದೆ, ಜಿ1/4 ದ್ವಾರದ ಥ್ರೆಡ್ಡಿನ ಒಳವ್ಯಾಸವೇ ಸುಮಾರು 11.4 ಮಿಲಿಮೀಟರ್. ಫಿಟ್ಟಿಂಗಿನ ಲೋಹದ ಗೋಡೆಯನ್ನು ಕಳೆದರೆ ನೀರು ಹಾಯುವ ಕಂಡಿ 10 ಮಿಲಿಮೀಟರಿನ ಆಚೀಚೆ ಉಳಿಯುತ್ತದೆ. ಎರಡೂ ತುದಿಯಲ್ಲಿ ಅಷ್ಟೇ ಕಂಡಿ ಇರುವಾಗ ನಡುವೆ 13 ಮಿಲಿಮೀಟರ್ ಕೊಳವೆ ಹಾಕಿ ಸಿಗುವ ಲಾಭ ತೀರಾ ಸಣ್ಣದು. ಆದ್ದರಿಂದ ಕೊಳವೆಯನ್ನು ಆರಿಸುವಾಗ ನಾನು ಹರಿವಿನ ಬಗ್ಗೆ ಯೋಚಿಸುವುದೇ ಇಲ್ಲ. ಅದು ಫಿಟ್ಟಿಂಗಿನಲ್ಲಿ ಎಷ್ಟು ಭದ್ರವಾಗಿ ಕೂರುತ್ತದೆ, ತಿರುವಿನಲ್ಲಿ ಮಡಚಿಕೊಳ್ಳದೆ ಎಷ್ಟು ಬಾಗುತ್ತದೆ ಎಂಬುದನ್ನು ನೋಡುತ್ತೇನೆ. 10/16ರ ದಪ್ಪ ಗೋಡೆ ಇವೆರಡರಲ್ಲೂ 10/13ಕ್ಕಿಂತ ಮೇಲು.

ಕೊಳ್ಳುವಾಗ ಒಳ ಮತ್ತು ಹೊರ ಅಳತೆಗಳೆರಡನ್ನೂ ಫಿಟ್ಟಿಂಗಿನ ಡಬ್ಬಿಯ ಮೇಲೆ ಓದಿ ಹೊಂದಿಸಿಕೊಳ್ಳಬೇಕು. ಒಳ ಅಳತೆ ಒಂದೇ ಆಗಿರುವುದರಿಂದ 10/13ರ ಕೊಳವೆ 10/16ರ ಬುಡದ ಮೇಲೆ ಚೆನ್ನಾಗಿಯೇ ಕೂರುತ್ತದೆ, ಕಾಲರೂ ಕೊನೆಯವರೆಗೆ ತಿರುಗುತ್ತದೆ, ಆದರೆ ಅದು ಕೊಳವೆಯನ್ನು ಅಮುಕುವುದೇ ಇಲ್ಲ. ನೋಟಕ್ಕೆ ಏನೂ ತಪ್ಪು ಕಾಣುವುದಿಲ್ಲ. ಒಮ್ಮೆ ಕೈ ತಾಗಿ ಕೊಳವೆ ಎಳೆದುಕೊಂಡರೆ ಬಿಚ್ಚಿಬರುತ್ತದೆ. ಇಂಚಿನ ಅಳತೆಯಲ್ಲಿ 3/8 ಮತ್ತು 5/8 ಎಂದು ಬರೆದಿರುವುದು 10/16ರ ಜೋಡಿ ಎಂದೇ ತಿಳಿಯಬಹುದು, 9.5 ಮತ್ತು 15.9 ಮಿಲಿಮೀಟರಿನ ವ್ಯತ್ಯಾಸವನ್ನು ಮೆತ್ತನೆಯ ಕೊಳವೆ ತಾಳಿಕೊಳ್ಳುತ್ತದೆ.

ಮಾಗಡಿರಸ್ತೆ

ಬಿಚ್ಚಿ ನೋಡಿದೆ. ರಿಂಗಿನ ಒಂದು ಬದಿಯಲ್ಲಿ ಅರ್ಧಚಂದ್ರದಂತೆ ಚಪ್ಪಟೆಯಾದ ಗುರುತು, ಅದರ ತುದಿಯಲ್ಲಿ ಸಣ್ಣ ಸೀಳು ಇತ್ತು. ಅಕ್ರಿಲಿಕ್ ಮುಖ ನುಣುಪಾಗಿದೆ. ಫಿಟ್ಟಿಂಗಿನ ಡಬ್ಬಿಯಲ್ಲಿದ್ದ ಬಿಡಿ ರಿಂಗನ್ನು ಒದ್ದೆ ಮಾಡಿ ಹಾಕಿ, ತಾಗಿದ ಮೇಲೆ ಮೂರನೇ ಒಂದು ಸುತ್ತು ಬಿಗಿ ಮಾಡಿದ್ದೇನೆ.

ಕೊಳವೆ ಹಾಕುವ ಮೊದಲು ಒಂದು ವಿಷಯ ಕೇಳಬೇಕು. ಈಗ ಕೊಳವೆ ಗಿಡ್ಡವಾಗಿದೆ ಅನ್ನಿಸುತ್ತಿದೆ. ಅದನ್ನು ಹಾಕಿದರೆ ಪಂಪಿನ ಫಿಟ್ಟಿಂಗ್ ಸ್ವಲ್ಪ ಪಕ್ಕಕ್ಕೆ ಎಳೆದಂತೆ ಕಾಣುತ್ತದೆ. 90 ಡಿಗ್ರಿಯ ತಿರುಗುವ ಮೊಣಕೈ ಫಿಟ್ಟಿಂಗ್ ಹಾಕಿದರೆ ಸರಿಹೋಗುತ್ತದೆಯೇ?

ನೀರುಗಂಟಿ

ಎಳೆತವಿದ್ದರೆ ಹೊಸ ಕೊಳವೆ ಕತ್ತರಿಸಿ. ಫಿಟ್ಟಿಂಗನ್ನು ಪಕ್ಕಕ್ಕೆ ಜಗ್ಗುವ ಕೊಳವೆ ಓ-ರಿಂಗಿನ ಒಂದು ಬದಿಯನ್ನು ಎತ್ತುತ್ತದೆ, ಇನ್ನೊಂದು ಬದಿಯನ್ನು ಜಜ್ಜುತ್ತದೆ. ಡಿ5 ಓಡುವಾಗ ಸಣ್ಣಗೆ ಕಂಪಿಸುತ್ತಲೇ ಇರುವುದರಿಂದ ಆ ಎಳೆತ ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ. ಕೊಳವೆ ಪಂಪಿನ ದ್ವಾರದಿಂದ ನೇರವಾಗಿ ಹೊರಟು, ಒಂದೆರಡು ಅಂಗುಲ ಹೋದ ಮೇಲೆ ಬಾಗುವಂತಿರಬೇಕು. ಕೈಬಿಟ್ಟಾಗ ಕೊಳವೆಯ ತುದಿ ತಾನಾಗಿಯೇ ಫಿಟ್ಟಿಂಗಿನ ಎದುರು ಬಂದು ನಿಂತರೆ ಅಳತೆ ಸರಿಯಾಗಿದೆ ಎಂದರ್ಥ.

ಮೊಣಕೈ ಹಾಕುವುದರಲ್ಲಿ ತಪ್ಪಿಲ್ಲ, ಅದರ ಹರಿವಿನ ಅಡ್ಡಿಯೂ ಅಲ್ಪ. ಆದರೆ ತಿರುಗುವ ಮೊಣಕೈಯೊಳಗೆ ಇನ್ನೂ ಒಂದೆರಡು ಓ-ರಿಂಗ್‌ಗಳು ಅಡಗಿರುತ್ತವೆ, ಪಕ್ಕದ ಎಳೆತಕ್ಕೆ ಮೊದಲು ಸೋಲುವುದು ಅವೇ. ಎಳೆತವನ್ನು ತಪ್ಪಿಸಲು ಅದನ್ನು ಬಳಸಿ, ಇರುವ ಎಳೆತವನ್ನು ತಾಳಲೆಂದು ಬಳಸಬೇಡಿ.

ಕೊಳವೆಯನ್ನು ಕತ್ತರಿಸಲು ಕತ್ತರಿ ಬೇಡ. ಅದು ಹಿಸುಕಿ ಓರೆಯಾಗಿ ಕತ್ತರಿಸುತ್ತದೆ. ಹೊಸ ಬ್ಲೇಡಿನಿಂದ ಅಥವಾ ಕೊಳವೆ ಕತ್ತರಿಸುವ ಕಟ್ಟರಿನಿಂದ ಅಡ್ಡಕ್ಕೆ ನೇರವಾಗಿ ಕತ್ತರಿಸಿ. ಕಾಲರನ್ನು ಮೊದಲು ಕೊಳವೆಗೆ ಪೋಣಿಸಿಕೊಂಡು, ಕೊಳವೆಯ ತುದಿ ಬುಡದ ತಳಕ್ಕೆ ಸುತ್ತಲೂ ತಾಗುವವರೆಗೆ ನೂಕಿ, ಆಮೇಲೆ ಕಾಲರ್ ತಿರುಗಿಸಿ. ತಿರುಗಿಸುವಾಗ ಕೊಳವೆಯೂ ಜೊತೆಗೆ ಸುತ್ತಿಕೊಂಡರೆ ಅದು ಸ್ಪ್ರಿಂಗಿನಂತೆ ಎಡಕ್ಕೆ ಬಿಚ್ಚಿಕೊಳ್ಳಲು ನೋಡುತ್ತಲೇ ಇರುತ್ತದೆ. ಕೊಳವೆಯ ಮೇಲೆ ಅಚ್ಚಾದ ಅಕ್ಷರಗಳ ಸಾಲು ನೇರವಾಗಿದೆಯೇ ಎಂದು ನೋಡಿದರೆ ಸುತ್ತಿಕೊಂಡದ್ದು ತಕ್ಷಣ ತಿಳಿಯುತ್ತದೆ.

ಹೊರನಾಡು

ನೀರು ತುಂಬುವ ಮೊದಲು ಗಾಳಿಯಿಂದ ಪರೀಕ್ಷಿಸಿ. ಸಣ್ಣ ಕೈಪಂಪು ಮತ್ತು ಒತ್ತಡದ ಮೀಟರ್ ಇರುವ ಸೋರಿಕೆ ಪರೀಕ್ಷಕಗಳು ಜಿ1/4 ತುದಿಯೊಂದಿಗೇ ಸಿಗುತ್ತವೆ. ಡಿ5 ಏರಿಸಬಲ್ಲ ಗರಿಷ್ಠ ಎತ್ತರ ಸುಮಾರು 3.9 ಮೀಟರ್, ಅಂದರೆ ಅದು ಕೊಡಬಲ್ಲ ಒತ್ತಡ 0.4 ಬಾರ್ ಮೀರುವುದಿಲ್ಲ. ಹಾಗಾಗಿ 0.5 ಬಾರ್ ಗಾಳಿಯನ್ನು ಹಿಡಿದುಕೊಂಡ ಜೋಡಣೆ ಪಂಪಿನ ಒತ್ತಡವನ್ನು ನಿಶ್ಚಿಂತೆಯಿಂದ ತಾಳುತ್ತದೆ. ಅದಕ್ಕಿಂತ ಹೆಚ್ಚು ಹಾಕಬೇಡಿ, ರಿಸರ್ವಾಯರ್ ತಯಾರಕರು ಕಡಿಮೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ. ಮೊದಲ ಕೆಲವು ನಿಮಿಷ ಮೆತ್ತನೆಯ ಕೊಳವೆ ಹಿಗ್ಗುವುದರಿಂದ ಮುಳ್ಳು ಸ್ವಲ್ಪ ಇಳಿಯುತ್ತದೆ. ಮತ್ತೆ ತುಂಬಿಸಿ, ಆ ಬಳಿಕ ಅರ್ಧ ಗಂಟೆ ಕಾಯಿರಿ. ಕೋಣೆ ಒಂದು ಡಿಗ್ರಿ ತಣ್ಣಗಾದರೆ ಸುಮಾರು 0.005 ಬಾರ್ ಇಳಿಯುವುದು ಸಹಜ, ಅದಕ್ಕೆ ಗಾಬರಿಯಾಗಬೇಡಿ.

ಮಾಗಡಿರಸ್ತೆ

ಹೊಸ ಕೊಳವೆ ಕತ್ತರಿಸಿ, ಹೇಳಿದ ಕ್ರಮದಲ್ಲೇ ಜೋಡಿಸಿದೆ. 0.5 ಬಾರ್‌ನಲ್ಲಿ ಮುಳ್ಳು ಅಲುಗಾಡದೆ ನಿಂತಿತು. ಆಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿಸಿ ಓಡಿಸಿದೆ. ಹೊರದ್ವಾರದ ಟಿಶ್ಯೂ ಒಣಗಿಯೇ ಇದೆ. ಆದರೆ ಪಂಪಿನಿಂದ ಸಣ್ಣ ಕರಕರ ಸದ್ದು, ಕೊಳವೆಯಲ್ಲಿ ಗುಳ್ಳೆಗಳು ಕಾಣುತ್ತಿವೆ. ಗಾಳಿ ಎಲ್ಲಿಂದಾದರೂ ಒಳಗೆ ಬರುತ್ತಿರಬಹುದೇ?

ನೀರುಗಂಟಿ

ಹೊಸದಾಗಿ ತುಂಬಿಸಿದ ಲೂಪಿನಲ್ಲಿ (ನೀರು ಸುತ್ತುವ ಇಡೀ ದಾರಿಯಲ್ಲಿ) ಅದು ರೇಡಿಯೇಟರಿನೊಳಗೆ ಉಳಿದ ಗಾಳಿ. ಕ್ಯಾಬಿನೆಟ್ಟನ್ನು ಹಿಂದೆ ಮುಂದೆ, ಆಚೆ ಈಚೆ ನಿಧಾನವಾಗಿ ವಾಲಿಸಿ, ರಿಸರ್ವಾಯರಿನಲ್ಲಿ ನೀರಿನ ಮಟ್ಟ ಇಳಿದಂತೆಲ್ಲ ತುಂಬಿಸುತ್ತಿರಿ. ಡಿ5 ತಾನಾಗಿ ನೀರನ್ನು ಎಳೆದುಕೊಳ್ಳುವ ಪಂಪಲ್ಲ. ನೀರು ಅದರ ಬಾಯಿಗೆ ಮೇಲಿನಿಂದ ಬಂದು ಬೀಳಬೇಕು. ಅದರ ಬೇರಿಂಗಿಗೆ ನೀರೇ ಎಣ್ಣೆಯಾದ್ದರಿಂದ ಒಣಗಿ ಓಡಿದರೆ ಕೆಡುತ್ತದೆ. ನೀರು ಇಳಿಯುತ್ತಿರುವಾಗ ಕೆಲವು ಸೆಕೆಂಡು ಓಡಿಸಿ, ನಿಲ್ಲಿಸಿ, ತುಂಬಿಸಿ, ಮತ್ತೆ ಓಡಿಸಿ. ಈ ಕೆಲಸದಲ್ಲಿ ಪಂಪಿನ ವಿದ್ಯುತ್ತನ್ನು ಪವರ್ ಸಪ್ಲೈಯಿಂದ ನೇರವಾಗಿ ಕೊಡಿ, ಮದರ್‌ಬೋರ್ಡ್ ಇಲ್ಲದೆಯೇ ಪವರ್ ಸಪ್ಲೈಯನ್ನು ಚಾಲೂ ಮಾಡುವ 24 ಪಿನ್ನಿನ ಜಂಪರ್ ಪ್ಲಗ್ ಹಾಕಿಕೊಂಡರೆ ಸುಲಭ. ಡಿ5 ಪೂರ್ಣ ವೇಗದಲ್ಲಿ 2 ಆಂಪಿಯರಿನ ಹತ್ತಿರ ಎಳೆಯುತ್ತದೆ, ಮದರ್‌ಬೋರ್ಡಿನ ಸಾಮಾನ್ಯ ಫ್ಯಾನ್ ಹೆಡರ್ (ಫ್ಯಾನಿನ ತಂತಿ ಚುಚ್ಚುವ ಜಾಗ) ತಾಳುವುದು 1 ಆಂಪಿಯರ್.

ಒಂದೆರಡು ದಿನದಲ್ಲಿ ಗುಳ್ಳೆ ನಿಲ್ಲದಿದ್ದರೆ ಮಾತ್ರ ಪಂಪಿನ ಒಳದ್ವಾರದ ಕಡೆಯನ್ನು ಸಂದೇಹಿಸಿ. ಟಾಪ್ ಮತ್ತು ರಿಸರ್ವಾಯರ್ ಬೇರೆಬೇರೆಯಾಗಿದ್ದು, ನಡುವೆ ಉದ್ದನೆಯ ಅಥವಾ ಕಿರಿದಾದ ಕೊಳವೆ ಇರುವ ಜೋಡಣೆಗಳಲ್ಲಿ ಇದು ಆಗುತ್ತದೆ. ಓಡುವಾಗ ಆ ಭಾಗದ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗಬಹುದು. ಆಗ ಸಡಿಲವಾದ ಫಿಟ್ಟಿಂಗ್ ನೀರನ್ನು ಹೊರಬಿಡುವ ಬದಲು ಗಾಳಿಯನ್ನು ಒಳಗೆಳೆಯುತ್ತದೆ, ಪಂಪು ನಿಲ್ಲಿಸಿದಾಗ ಮಾತ್ರ ಸೋರುತ್ತದೆ. ಆದ್ದರಿಂದ ಸೋರಿಕೆಯನ್ನು ಪಂಪು ಓಡುವಾಗಲೂ ನೋಡಬೇಕು, ನಿಲ್ಲಿಸಿ ಕೆಲವು ಗಂಟೆ ಬಿಟ್ಟೂ ನೋಡಬೇಕು. ನಿಮ್ಮದರಲ್ಲಿ ರಿಸರ್ವಾಯರ್ ಪಂಪಿನ ತಲೆಯ ಮೇಲೆಯೇ ಇರುವುದರಿಂದ ಆ ಭಯ ಕಡಿಮೆ.

ಮಾಗಡಿರಸ್ತೆ

ಕ್ಯಾಬಿನೆಟ್ ವಾಲಿಸಿದ ಮೇಲೆ ರೇಡಿಯೇಟರಿನಿಂದ ದೊಡ್ಡ ಗುಳ್ಳೆಗಳು ಬಂದು ಸದ್ದು ಬಹುಮಟ್ಟಿಗೆ ನಿಂತಿದೆ. ರಾತ್ರಿಯಿಡೀ ಓಡಿಸಿ, ಬೆಳಗ್ಗೆಯಿಂದ ನಿಲ್ಲಿಸಿಟ್ಟಿದ್ದೇನೆ. ಎರಡರಲ್ಲೂ ಎಲ್ಲ ಟಿಶ್ಯೂ ಒಣಗಿವೆ. ಮುಂದೆ ನೀರು ಬದಲಿಸುವಾಗ ಈ ಫಿಟ್ಟಿಂಗನ್ನು ಮತ್ತೆ ಬಿಚ್ಚಬೇಕಾಗದಂತೆ ಏನಾದರೂ ಮಾಡಬಹುದೇ? ಪಂಪಿನ ಟಾಪಿನಲ್ಲಿ ಮುಚ್ಚಳ ಹಾಕಿರುವ ಇನ್ನೊಂದು ಹೊರದ್ವಾರವಿದೆ.

ಪೀಣ್ಯಲೇತ್

ಆ ಎರಡನೆಯ ಹೊರದ್ವಾರವೇ ಅದಕ್ಕೆ ಸರಿಯಾದ ಜಾಗ, ಏಕೆಂದರೆ ನಿಮ್ಮ ಲೂಪಿನಲ್ಲಿ ಹೆಚ್ಚುಕಡಿಮೆ ತೀರಾ ತಗ್ಗಿನಲ್ಲಿರುವುದು ಅದೇ. ಮುಚ್ಚಳ ತೆಗೆದು ಜಿ1/4ರ ಬಾಲ್ ವಾಲ್ವ್ ಕೂರಿಸಿ, ಅದರ ಹೊರಗಿನ ಬಾಯಿಗೆ ಮುಚ್ಚಳವನ್ನು ತಿರುಗಿಸಿ ಇಡಿ. ಹಿಡಿಗೆ ಅಕಸ್ಮಾತ್ ಕೈ ತಾಗಿ ತೆರೆದುಕೊಂಡರೂ ನೀರು ನಿಲ್ಲುತ್ತದೆ. ವಾಲ್ವ್ ಹಿತ್ತಾಳೆಯದಾಗಿರಲಿ. ಅದರ ತೂಕ ಅಕ್ರಿಲಿಕ್ ಥ್ರೆಡ್ಡಿನ ಮೇಲೆ ನೇತಾಡದಂತೆ, ಸಾಧ್ಯವಾದರೆ ಕ್ಯಾಬಿನೆಟ್ಟಿನ ತಳಕ್ಕೆ ತಾಗುವ ಹಾಗೆ ಒಂದು ರಬ್ಬರ್ ತುಂಡು ಕೊಡಿ. ಖಾಲಿ ಮಾಡುವಾಗ ರಿಸರ್ವಾಯರಿನ ಮೇಲಿನ ಮುಚ್ಚಳವನ್ನು ತೆರೆದಿಟ್ಟರೆ ಮಾತ್ರ ನೀರು ಸರಾಗವಾಗಿ ಇಳಿಯುತ್ತದೆ. ಈಗ ವಾಲ್ವ್ ಹಾಕಲು ಹೇಗೂ ನೀರು ತೆಗೆಯಬೇಕಾದ್ದರಿಂದ, ಕೂರಿಸಿದ ಬಳಿಕ 0.5 ಬಾರ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಆಮೇಲಷ್ಟೇ ಮದರ್‌ಬೋರ್ಡಿನ ತಂತಿಗಳನ್ನು ಜೋಡಿಸಿ.